ಆ ಕೈ ಬೇಡ, ಈ ಕೈ ಕೊಡು

ಭೂತಗನ್ನಡಿ ಅಂತ ಅಡ್ಡಹೆಸರಿನವನಿಗೆ ಏಟಿನ ಸದ್ದು ಚೆನ್ನಾಗಿ ಗೊತ್ತಿತ್ತು, ಏಟಿನ ನೋವು ಅಷ್ಟಾಗಿ ಗೊತ್ತಿರಲಿಲ್ಲ. ಅವನ ಪಾಲಿಗೆ ಬಂದ ಏಟುಗಳನ್ನೆಲ್ಲ ತಿಂದವಳು ಅವನ ಅಕ್ಕ.

ಅವರ ಅಪ್ಪ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ದಿನವಿಡೀ ಬೆಂಕಿಯ ಮುಂದೆ ನಿಂತು ಬಂದವನಿಗೆ ಮನೆಯಲ್ಲಿ ಯಾರಾದರೂ ಜೋರಾಗಿ ಉಸಿರಾಡಿದರೂ ಸಿಟ್ಟು. ಬಾಗಿಲ ಹಿಂದಿನ ಮೊಳೆಗೆ ಯಂತ್ರದ ಹಳೆಯ ರಬ್ಬರ್ ಬೆಲ್ಟೊಂದನ್ನು ನೇತುಹಾಕಿದ್ದ. ತಾಯಿ ಬೇಗ ತೀರಿಕೊಂಡಿದ್ದಳು, ತಡೆಯುವವರು ಯಾರೂ ಇರಲಿಲ್ಲ. ಒಂದು ಸಂಜೆ, ಅಕ್ಕನಿಗೆ ಹನ್ನೆರಡು, ಇವನಿಗೆ ಒಂಬತ್ತು, ಗಡಿಯಾರದೊಳಗೆ ಏನಿದೆ ನೋಡೋಣ ಅಂತ ಇವನು ಅಪ್ಪನ ಮೇಜಿನ ಗಡಿಯಾರದ ಬೆನ್ನು ಬಿಚ್ಚಿದ. ಅದು ಕೈಜಾರಿ ನೆಲಕ್ಕೆ ಬಿತ್ತು. ಅಪ್ಪ ಒಳಗೆ ಬಂದವನು ಕೇಳಿದ್ದು ಒಂದೇ ಮಾತು: "ಯಾರು?" ಇವನು ಮಂಚದ ಕೆಳಗೆ ತೂರಿಕೊಂಡಿದ್ದ. "ನಾನು" ಅಂದಳು ಅಕ್ಕ.

ಮೊದಲ ಏಟು ಬೆನ್ನಿಗೆ, ಎರಡನೆಯದು ತೊಡೆಗೆ. ಮೂರನೆಯದಕ್ಕೆ ಅವಳು ಎಡಗೈ ಅಡ್ಡ ಹಿಡಿದಳು, ಕಿರುಬೆರಳು ಮುರಿಯಿತು. ಮುರಿದ ಮೇಲೂ ಬೆಲ್ಟು ನಿಲ್ಲಲಿಲ್ಲ. ಮಂಚದ ಕೆಳಗೆ ತಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಏಟು ಎಣಿಸುತ್ತಿದ್ದ, ಹದಿನೇಳು. ಆಸ್ಪತ್ರೆಗೆ ಯಾರೂ ಕರೆದೊಯ್ಯಲಿಲ್ಲ. ಹಳೆಬಟ್ಟೆ ಸುತ್ತಿದ್ದ ಬೆರಳು ತನಗೆ ತೋಚಿದ ಹಾಗೆ ಕೂಡಿಕೊಂಡು, ಕೊಕ್ಕೆಯ ಹಾಗೆ ಒಳಕ್ಕೆ ಬಾಗಿ ಹಾಗೇ ಉಳಿಯಿತು. ಕಣ್ಣು ಮುಚ್ಚಿಕೊಳ್ಳುವ ಕಸುಬನ್ನು ತಮ್ಮ ಅಂದೇ ಕಲಿತ. ಆಮೇಲೆ ಕಲಿತ ಬೇರೆ ಯಾವ ಕಸುಬೂ ಅವನಿಗೆ ಅಷ್ಟು ಚೆನ್ನಾಗಿ ಕೈಹತ್ತಲಿಲ್ಲ.

ದೊಡ್ಡವನಾದ ಮೇಲೆ ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತ. ಗಿರಾಕಿಗಳ ಮುಖ ನೋಡುವ ಕೆಲಸವಲ್ಲ. ಬಂದ ಗಾಜನ್ನು ಉಜ್ಜುವ ಕಲ್ಲಿಗೆ ಹಿಡಿದು, ಅಂಚು ಸವೆಸಿ, ಫ್ರೇಮಿಗೆ ಕೂರಿಸಿ, ಸಾಸಿವೆ ಕಾಳಿನಷ್ಟು ಸ್ಕ್ರೂ ತಿರುಗಿಸಿ ಹೊರಗೆ ಕಳಿಸುವುದು. ಇಪ್ಪತ್ತು ವರ್ಷ ಅದನ್ನೇ ಮಾಡಿದ. ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪ ಕೆಮ್ಮಿದ್ದಕ್ಕೇ ಬೆಚ್ಚಿಬಿದ್ದು ಲೋಟ ಕೆಡವಿ ಬಂದನೆಂದು ಅಕ್ಕಪಕ್ಕದ ಅಂಗಡಿಯವರು ಆಡಿಕೊಳ್ಳುತ್ತಿದ್ದರು. ಬಿಡುವಾದಾಗಲೆಲ್ಲ ಕಣ್ಣಿಗೆ ದಪ್ಪ ಗಾಜಿನ ಬಿಲ್ಲೆ ಸಿಕ್ಕಿಸಿಕೊಂಡು ಕಿಟಕಿಯ ಜೇಡವನ್ನೋ ಇರುವೆಯನ್ನೋ ನೋಡುತ್ತ ಕೂರುತ್ತಿದ್ದವನಿಗೆ ಭೂತಗನ್ನಡಿ ಅಂತ ಹೆಸರಿಟ್ಟವರೂ ಅವರೇ.

ನೋಡುವುದು ಫೋಟೋ ತೆಗೆಯುವುದಕ್ಕೆ ತಿರುಗಿತು. ಹಳೆಯ ಕ್ಯಾಮೆರಾ ಒಂದು ಸಿಕ್ಕಿತು. ಅದರ ಲೆನ್ಸನ್ನು ಹಿಂದುಮುಂದಾಗಿ ಕೂರಿಸಿದರೆ ಇರುವೆಯ ಮೀಸೆ ಹಗ್ಗದಷ್ಟು ದಪ್ಪ ಕಾಣುತ್ತಿತ್ತು. ಆದರೆ ಅಷ್ಟು ಹತ್ತಿರ ಹೋದಾಗ ಬೆಳಕೇ ಸಾಲದು. ಫ್ಲಾಶ್ ಹೊಡೆದರೆ ಜೀರುಂಡೆಯ ಬೆನ್ನ ಮೇಲೆ ಬಿಳಿಯ ಬರೆ ಎಳೆದಂತೆ ಹೊಳಪು, ಸುತ್ತ ಕಗ್ಗತ್ತಲು. ಆ ಹೊಳಪಿನ ಮೇಲೆ ಅವನಿಗೆ ಹಗೆಯೇ ಹುಟ್ಟಿತು. ಕಾಗದದ ಲೋಟ ಕೊರೆದು ಫ್ಲಾಶಿಗೆ ಟೋಪಿ ಹಾಕಿದ. ಮಾತ್ರೆಯ ಬೆಳ್ಳಿ ಹಾಳೆಗಳನ್ನು ಒಳಗೆ ಅಂಟಿಸಿದ. ಥರ್ಮಾಕೋಲಿನ ಬಟ್ಟಲು ತಂದು, ಅಕ್ಕ ಕೊಟ್ಟ ಹಳೆಯ ದಿಂಬಿನ ಬಿಳಿ ಚೀಲವನ್ನು ಅದರ ಬಾಯಿಗೆ ಬಿಗಿದ. ಹನ್ನೊಂದು ಬಟ್ಟಲು ಹಾಳಾದವು, ಹನ್ನೆರಡನೆಯದಕ್ಕೆ ಬೆಳಕು ಹದಕ್ಕೆ ಬಂತು. ಕೊನೆಗೆ ಅಂಗಡಿಯಲ್ಲಿ ಬಿರುಕುಬಿಟ್ಟ ತಂಪುಕನ್ನಡಕದ, ಹೊಳಪು ತಡೆಯುವ ಕಪ್ಪು ಹಾಳೆಯನ್ನು ಎರಡು ತುಂಡು ಮಾಡಿ ಒಂದನ್ನು ದೀಪದ ಮುಂದೆ, ಇನ್ನೊಂದನ್ನು ಲೆನ್ಸಿನ ಮುಂದೆ ಇಟ್ಟು, ಒಂದನ್ನು ನಿಧಾನವಾಗಿ ಅಡ್ಡ ತಿರುಗಿಸಿದ. ಹೊಳಪು ಅಲ್ಲಿಗೆ ಸತ್ತುಹೋಯಿತು. ಜೀರುಂಡೆಯ ಬೆನ್ನಿನ ನಿಜವಾದ ಬಣ್ಣ, ಗೀರು, ತರಚು, ಹಳೆಯ ಗಾಯ, ಎಲ್ಲ ಬಯಲಾಯಿತು.

ಅಂದು ಭಾನುವಾರ. ಎರಡು ಬೀದಿಯಾಚೆ ಗಂಡನ ಮನೆಯಲ್ಲಿದ್ದ ಅಕ್ಕ ಎಂದಿನಂತೆ ಬೆಳಗ್ಗೆ ತಮ್ಮನ ಮಹಡಿಗೆ ಬಂದಿದ್ದಳು. ಅವಳಿಗೆ ಹಾಳೆ ತಿರುಗಿಸಿ ತೋರಿಸಿದ. ಜೀವಮಾನದಲ್ಲಿ ಅವನು ಜಂಬದಿಂದ ಆಡಿದ ಮಾತು ಅದೊಂದೇ ಇರಬೇಕು. "ಹೊಳಪು ಸುಳ್ಳು ಹೇಳತ್ತೆ ಅಕ್ಕ. ಈ ಬೆಳಕಿನ ಮುಂದೆ ಯಾವುದನ್ನೂ ಮುಚ್ಚಿಡೋಕಾಗಲ್ಲ."

ಅಕ್ಕ ಹಾಳೆಯನ್ನು ತಾನೂ ಒಮ್ಮೆ ಆಚೆ, ಒಮ್ಮೆ ಈಚೆ ತಿರುಗಿಸಿ ನೋಡಿದಳು. ಏನೂ ಅನ್ನಲಿಲ್ಲ.

ಅವಳು ಏಕೆ ಏನೂ ಅನ್ನಲಿಲ್ಲ ಎನ್ನುವುದಕ್ಕೆ ಭಾವನ ವಿಷಯ ಹೇಳಬೇಕು. ಭಾವ ಮರದ ಡಿಪೋದಲ್ಲಿ ಮೇಲ್ವಿಚಾರಕ. ಎತ್ತರದ ಆಳು, ನಗುಮುಖ, ಬೀದಿಯಲ್ಲಿ ಯಾರ ಸಾಮಾನು ಹೊರಲೂ ಹೆಗಲು ಕೊಡುವವನು. ನಾಲ್ಕು ಜನರೆದುರು ಹೆಂಡತಿಯನ್ನು ಮಹಾರಾಣಿ ಅಂತ ಕರೆದು ಎಲ್ಲರನ್ನೂ ನಗಿಸುತ್ತಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ. ಬಾಗಿಲು ಮುಚ್ಚಿದ ಮೇಲೆ ಮಹಾರಾಣಿಯ ಜುಟ್ಟು ಹಿಡಿದು ಗೋಡೆಗೆ ಗುದ್ದಿಸುತ್ತಿದ್ದ. ಒದ್ದೆ ಟವೆಲಿನಲ್ಲಿ ಮರದ ತುಂಡು ಸುತ್ತಿ ಹೊಡೆಯುತ್ತಿದ್ದ, ಅಂಗೈಯಿಂದ ಕಿವಿಯ ಮೇಲೆ ಬಾರಿಸುತ್ತಿದ್ದ, ಮಣಿಕಟ್ಟು ತಿರುಚಿ ಮಂಡಿಯೂರಿಸುತ್ತಿದ್ದ. ಗುರುತು ಉಳಿಯದ ಹಾಗೆ ಹೊಡೆಯುವುದೂ ಒಂದು ಕಸುಬು, ಅವನು ಅದರಲ್ಲಿ ಪಳಗಿದವನು. ಸಾರು ತಡವಾದರೆ ಏಟು, ಬೇಗ ಮಾಡಿಟ್ಟು ಆರಿದರೂ ಏಟು. ಕಾರಣ ಬೇಕಿದ್ದದ್ದು ಅವನಿಗಲ್ಲ, ಕೇಳುವವರಿಗೆ, ಕೇಳುವವರೇ ಇರಲಿಲ್ಲ.

ಎರಡು ಸಲ ಅವಳು ಚೀಲ ಹಿಡಿದು ತಮ್ಮನ ಬಾಗಿಲಿಗೆ ಬಂದಿದ್ದಳು. ಎರಡು ಸಲವೂ ತಮ್ಮ ಬಾಗಿಲಲ್ಲೇ ಕೈ ಹೊಸೆಯುತ್ತ ನಿಂತು, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಲ್ಲವಾ, ಸ್ವಲ್ಪ ಹೊಂದಿಕೊಂಡು ಹೋಗು, ಭಾವ ಮನಸ್ಸಿನಲ್ಲಿ ಕೆಟ್ಟವರಲ್ಲ ಅಂತ ಹೇಳಿ, ಚೀಲವನ್ನು ತಾನೇ ಹೊತ್ತು ವಾಪಸು ಬಿಟ್ಟು ಬಂದಿದ್ದ. ಗಾದೆ ಕಟ್ಟಿದವರು ಏಟು ತಿಂದವರಲ್ಲ ಎನ್ನುವುದು ಅವನಿಗೆ ಹೊಳೆಯಲಿಲ್ಲ. ಭಾವ ಬಾಗಿಲಲ್ಲಿ ನಗುತ್ತ ಅವನ ಬೆನ್ನು ತಟ್ಟಿದ್ದ, ಮಹಾರಾಣಿಯನ್ನು ಮೆರವಣಿಗೆಯಲ್ಲಿ ತಂದೆಯಾ ಅಂತ ಕೇಳಿದ್ದ. ಮೂರನೆಯ ಸಲ ಅವಳು ಚೀಲ ಹಿಡಿದು ಬರಲಿಲ್ಲ. ಭಾನುವಾರ ಬೆಳಗ್ಗೆ, ಗಂಡ ಕಾರ್ಡು ಆಡಲು ಹೋಗುವ ಎರಡು ಗಂಟೆಗಳಲ್ಲಿ, ಬರಿಗೈಯಲ್ಲಿ ಬರುತ್ತಿದ್ದಳು.

ಆ ಬರಿಗೈಯೇ ತಮ್ಮನಿಗೆ ಬೇಕಿತ್ತು. ಅವನ ಕೈ ಸದಾ ನಡುಗುತ್ತಿತ್ತು, ಹುಳ ಕೂರುತ್ತಿರಲಿಲ್ಲ. ಅಕ್ಕನ ಕೈ ಮಾತ್ರ ಕಲ್ಲಿನ ಹಾಗೆ ಅಲುಗದೆ ಇರುತ್ತಿತ್ತು; ಅಲುಗದೆ ಇರುವುದನ್ನು ಅವಳು ಎಲ್ಲಿ ಕಲಿತಳು ಅಂತ ಅವನು ಕೇಳಲಿಲ್ಲ. ಕಪ್ಪು ಬಟ್ಟೆಯ ಮೇಲೆ ಅಕ್ಕನ ಕೈ, ಕೈಯ ಮೇಲೆ ಹುಳ, ಮೇಲಿಂದ ದಿಂಬಿನ ಚೀಲದ ಬೆಳಕು. ಹುಳ ಬಿಡುವುದಕ್ಕೆ ಮೊದಲು ಬರಿಗೈಯದೊಂದು ಪರೀಕ್ಷೆಯ ಫೋಟೋ ತೆಗೆಯುವುದು ಅವನ ಪದ್ಧತಿ. ಹಾಳೆ ಸರಿಯಾಗಿ ಅಡ್ಡ ತಿರುಗಿದೆಯೋ ಇಲ್ಲವೋ ಚರ್ಮದ ಮೇಲೆ ಗೊತ್ತಾಗುತ್ತಿತ್ತು.

ಆ ಕೈಯ ಮೇಲೆ ಅವನು ತೆಗೆದ ಚಿತ್ರಗಳೋ, ಹೇಳತೀರದು. ಸೂರ್ಯನ ಕುದುರೆ ಅನ್ನುವ ಹಸಿರು ಹುಳ ನೊಣದ ತಲೆಯನ್ನು ಕಣ್ಣಿನಿಂದ ಶುರುಮಾಡಿ ಅಗಿಯುವುದು. ಜೇಡ ತನಗಿಂತ ದೊಡ್ಡ ಮಿಡತೆಯ ಕುತ್ತಿಗೆಗೆ ಹಲ್ಲು ಊರಿ, ಅದರ ಕಾಲು ಒಂದೊಂದೇ ಸೋಲುವವರೆಗೆ ಕಾಯುವುದು. ಕಣಜ ಕಂಬಳಿಹುಳವನ್ನು ಕೊಲ್ಲದೆ, ಬರೀ ಜಡವಾಗುವಷ್ಟೇ ಚುಚ್ಚಿ, ಜೀವಂತ ಎಳೆದೊಯ್ಯುವುದು. ಕೂದಲೆಳೆಯಷ್ಟು ಗಾಯವನ್ನೂ ಬಿಡದೆ ಹಿಡಿಯುತ್ತಿದ್ದ. ಮಿಡತೆಯ ಮುರಿದ ಕಾಲಿಗೆ ಮರುಗಿ ಎರಡು ದಿನ ಊಟ ಸೇರದೆ ಕೂತದ್ದೂ ಉಂಟು.

ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ, ಸೂರ್ಯನ ಕುದುರೆ ಎಡಗೈ ಮಣಿಕಟ್ಟಿನ ಮೇಲೆ ಎರಡೂ ಮುಂಗಾಲು ಮಡಿಸಿ ನಿಂತು ಕತ್ತು ತಿರುಗಿಸಿ ನೋಡಿತು. ಅಂಥ ಚಿತ್ರ ವರ್ಷಕ್ಕೊಮ್ಮೆ ಸಿಗುವುದು. ಮನೆಯೊಳಗೆ ಕಂಪ್ಯೂಟರಿನಲ್ಲಿ ತೆರೆದಾಗ ಹುಳದ ಕೆಳಗೆ, ಅಕ್ಕನ ಮಣಿಕಟ್ಟಿನ ಸುತ್ತ, ನಾಲ್ಕು ಕಂದು ಪಟ್ಟಿಗಳು ಕಂಡವು. ಬರಿಗಣ್ಣಿಗೆ ಕಂಡಿರಲಿಲ್ಲ. ನಾಲ್ಕು ಬೆರಳು, ಪಕ್ಕದಲ್ಲಿ ಒಂದು ಹೆಬ್ಬೆಟ್ಟು. ಅವನು ತುಂಬ ಹೊತ್ತು ಅದನ್ನೇ ನೋಡಿದ. ಆಮೇಲೆ, ಪಕ್ಕದ ಚೊಕ್ಕ ಚರ್ಮವನ್ನು ಒಂದೊಂದೇ ಚುಕ್ಕೆ ತೆಗೆದು ಪಟ್ಟಿಗಳ ಮೇಲೆ ಅಂಟಿಸುತ್ತ ಕೂತ. ಸಂಜೆಯ ಹೊತ್ತಿಗೆ ಮಣಿಕಟ್ಟು ಎಳೆಮಗುವಿನ ಮಣಿಕಟ್ಟಾಗಿತ್ತು. ಆ ಚಿತ್ರಕ್ಕೆ ಎಲ್ಲೋ ಎರಡನೆಯ ಬಹುಮಾನ ಬಂತು. ಅಂಗಡಿಯ ಯಜಮಾನರು ಹೆಮ್ಮೆಪಟ್ಟು ಅದನ್ನು ದೊಡ್ಡದು ಮಾಡಿಸಿ ಗಿರಾಕಿಗಳು ಕೂರುವ ಕಡೆ ಗೋಡೆಗೆ ತೂಗುಹಾಕಿದರು.

ಮರುವಾರ ಅಕ್ಕ ಮತ್ತೆ ಎಡಗೈಯನ್ನೇ ಬಟ್ಟೆಯ ಮೇಲಿಟ್ಟಳು. ಪರೀಕ್ಷೆಯ ಫೋಟೋದಲ್ಲಿ ಮತ್ತೆ ಕಲೆ. ತಮ್ಮ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಹೇಳಿದ: "ಅಕ್ಕ, ಆ ಕೈ ಬೇಡ, ಕಲೆ ಇದೆ. ಈ ಕೈ ಕೊಡು." ಅಕ್ಕ ಆ ಕೈ ಎಳೆದುಕೊಂಡು ಬಲಗೈ ಇಟ್ಟಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಇವನಿಗೆ ಕನ್ನಡಿ ಇತ್ತು, ಲೆನ್ಸಿತ್ತು, ದೀಪವಿತ್ತು, ಹುಣ್ಣು ಕಣ್ಣ ಮುಂದೆಯೇ ಇತ್ತು. ಅಷ್ಟಿದ್ದೂ ಇನ್ನೊಂದು ಕೈ ಕೇಳಿದ. ಹಾಳಾಗಿ ಹೋಗಲಿ ಅಂಥ ಕಣ್ಣು. ಅದು ಒಂದು ವಾರದ ಮಾತಾಗಲಿಲ್ಲ. ಎರಡು ಮೂರು ವಾರಕ್ಕೊಮ್ಮೆ ಅವಳು ಮೊದಲು ಕಲೆಯ ಕೈ ಕೊಡುವುದು, ಇವನು ಪರೀಕ್ಷೆಯ ಫೋಟೋ ತೆಗೆದು ಆ ಕೈ ಬೇಡ ಅನ್ನುವುದು, ಅವಳು ಈ ಕೈ ಇಡುವುದು. ಮೂರು ವರ್ಷ ಹೀಗೇ ನಡೆಯಿತು. ಅಕ್ಕನಿಗೆ ಮರೆವು ಜಾಸ್ತಿಯಾಗಿದೆ ಅಂತ ಅವನು ಅಂದುಕೊಂಡಿದ್ದ.

ಕಳೆದ ಬೇಸಿಗೆಯ ಒಂದು ಭಾನುವಾರ ಅವಳು ಮಹಡಿ ಮೆಟ್ಟಿಲನ್ನು ಓಡಿ ಹತ್ತಿದ ಸದ್ದು ಕೇಳಿತು. ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದರಲ್ಲಿಲ್ಲ. ಬಲಗಿವಿಯಿಂದ ರಕ್ತ ಸಣ್ಣಗೆ ಇಳಿದು ಕುತ್ತಿಗೆಯಲ್ಲಿ ಒಣಗಿತ್ತು. ಕಾರ್ಡಿನಾಟದಲ್ಲಿ ಸೋತು ಬೇಗ ಬಂದಿದ್ದ ಗಂಡ, ಹೊರಡಲು ತಲೆ ಬಾಚುತ್ತಿದ್ದವಳ ಕಿವಿಗೆ ಅಂಗೈ ಬೀಸಿದ್ದ. ಆ ಕಿವಿಯಲ್ಲಿ ಬರೀ ಗುಂಯ್ ಅನ್ನುತ್ತಿದೆ, ಇನ್ನೇನೂ ಕೇಳುತ್ತಿಲ್ಲ ಅಂದಳು. ಆಮೇಲೆ ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿತು.

ಭಾವ ನಗುತ್ತಲೇ ಬಂದ. ಭಾವಮೈದುನನ ಹುಳದ ಅರಮನೆಗೆ ಮಹಾರಾಣಿ ಬಂದಿದ್ದಾಳೆ ಅಂತ ಶುರುಮಾಡಿ, ಮಾತಿನ ಮಧ್ಯೆಯೇ ಅವಳ ಜುಟ್ಟಿಗೆ ಕೈ ಹಾಕಿ ಎಳೆದ. ಅವಳು ಹೂಕುಂಡಗಳ ಮೇಲೆ ಬಿದ್ದಳು. ಎದ್ದೇಳುವ ಮೊದಲು ಪಕ್ಕೆಗೆ ಒದ್ದ, ಒಂದು, ಎರಡು. ತಮ್ಮ ಗೋಡೆಗೆ ಆತು ನಿಂತಿದ್ದ, ಕೈಯಲ್ಲಿ ಥರ್ಮಾಕೋಲಿನ ಬಟ್ಟಲು. ಬಾಯಲ್ಲಿ ಮೂರು ಅಂತ ಬಂತು. ಎಣಿಸುತ್ತಿದ್ದ.

ಆ ಲೆಕ್ಕ ಅವನ ಕಿವಿಗೇ ಬಿತ್ತು. ನಲವತ್ತಮೂರು ವರ್ಷದ ಗಂಡಸು, ಮಂಚದ ಕೆಳಗಿನ ಮಗುವಿನ ದನಿಯಲ್ಲಿ ಅಕ್ಕನ ಏಟು ಎಣಿಸುತ್ತಿದ್ದಾನೆ. ಅವನಿಗೆ ತನ್ನ ಮೇಲೆ ಎಂಥ ಹೇಸಿಗೆ ಹುಟ್ಟಿತೆಂದರೆ, ಹೆದರಿಕೆಗೆ ಅಲ್ಲಿ ಜಾಗ ಉಳಿಯಲಿಲ್ಲ. ಹೋಗಿ ಮಧ್ಯೆ ನಿಂತ. ಭಾವ ಅವನ ಕೈಯ ಬಟ್ಟಲು ಕಿತ್ತು ನೆಲಕ್ಕೆ ಹಾಕಿ ತುಳಿದ. ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡನ್ನು ಎತ್ತಿ ಬೀಸಿದ. ಅಡ್ಡ ಬಂದ ಬಲಗೈಯ ಎರಡು ಬೆರಳು ಒಣಕಡ್ಡಿಯಂತೆ ಲಟಕ್ಕೆಂದವು. ಮತ್ತೆ ಬೀಸಿದಾಗ ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು. ಭೂತಗನ್ನಡಿಗೆ ಹೊಡೆಯಲು ಬರುತ್ತಿರಲಿಲ್ಲ, ಜನ್ಮದಲ್ಲಿ ಯಾರಿಗೂ ಹೊಡೆದವನಲ್ಲ. ಆದ್ದರಿಂದ ಕಚ್ಚಿದ. ಭಾವನ ಮುಂದೋಳಿಗೆ ಬಾಯಿ ಹಾಕಿ ಹಲ್ಲು ಊರಿದವನು ಬಿಡಲೇ ಇಲ್ಲ. ಭಾವ ಬೆನ್ನಿಗೆ ಗುದ್ದಿದ, ಕೂದಲು ಹಿಡಿದು ಜಗ್ಗಿದ, ಗೋಡೆಗೆ ಅಪ್ಪಳಿಸಿದ. ಬಾಯಿ ತುಂಬ ಭಾವನ ರಕ್ತದ ಉಪ್ಪು ತುಂಬಿದರೂ ಬಿಡಲಿಲ್ಲ. ಕೊನೆಗೆ ಆ ಎತ್ತರದ ಆಳು ಅಯ್ಯೋ ಅಂತ ಬೀದಿಗೆ ಕೇಳುವ ಹಾಗೆ ಅರಚಿದ. ಕೆಳಮನೆಯವರು ಓಡಿ ಬಂದು ಬಿಡಿಸಿದರು.

ಈಗ ನೋಡಿ ಲೋಕದ ನ್ಯಾಯ. ಅಕ್ಕನ ಕಿವಿಯನ್ನು ಆಸ್ಪತ್ರೆಗೆ ತೋರಿಸಿ, ಇವನ ಬೆರಳಿಗೆ ಪಟ್ಟಿ, ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಬರುವಷ್ಟರಲ್ಲಿ ಭಾವ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಕೂತಿದ್ದ. ಮುಂದೋಳಿನ ಮೇಲೆ ಮೇಲಿನ ಸಾಲು, ಕೆಳಗಿನ ಸಾಲು, ಹಲ್ಲುಹಲ್ಲಾಗಿ ಮೂಡಿದ್ದವು. ಭಾವಮೈದುನನಿಗೆ ಹುಳ ನೋಡಿ ನೋಡಿ ತಲೆ ಕೆಟ್ಟಿದೆ, ತಡೆಯಲು ಹೋದಾಗ ತಾನೇ ಬಿದ್ದು ಬೆರಳು ಮುರಿದುಕೊಂಡ, ಹೆಂಡತಿಯೂ ಮೆಟ್ಟಿಲಲ್ಲಿ ಜಾರಿದಳು ಅಂತ ಹೇಳಿಕೆ ಕೊಟ್ಟಿದ್ದ. ಠಾಣೆಯ ಅಧಿಕಾರಿ ಐವತ್ತರ ಹತ್ತಿರದ ಹೆಂಗಸು, ಕಣ್ಣಿನ ಕೆಳಗೆ ನಿದ್ದೆಗೇಡಿನ ಕಪ್ಪು. ಆಸ್ಪತ್ರೆಯ ಚೀಟಿ ಓದಿದಳು: ಕಿವಿಯ ತಮಟೆ ಹರಿದಿದೆ, ಬಿದ್ದಾಗಲೂ ಆಗಬಹುದು, ಮೈಮೇಲೆ ಕಾಣುವ ಗಾಯವಿಲ್ಲ. ಅವಳು ಅಕ್ಕನ ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಬೆವರಿನ ಹೊಳಪು ಬಿಟ್ಟರೆ ಏನೂ ಕಾಣಲಿಲ್ಲ. ನಿಮ್ಮಿಬ್ಬರಲ್ಲಿ ಕಾಣೋ ಹಾಗೆ ಗಾಯ ಇರೋದು ನಿಮ್ಮ ಗಂಡನಿಗೇ ಅಲ್ಲವಾ ಅಂತ ಅವಳು ಕೇಳಿದಾಗ ಭಾವ ತಲೆ ತಗ್ಗಿಸಿ ಸಭ್ಯವಾಗಿ ಕೂತಿದ್ದ. ಇವತ್ತು ಹೆಂಡತಿಯನ್ನು ಮನೆಗೆ ಕರೆದುಕೊಂಡು ಹೋಗಬಹುದಾ ಅಂತ ಕೇಳಿದ. ಹೋದರೆ ಅವಳು ಜೀವಸಹಿತ ಉಳಿಯುವುದಿಲ್ಲ ಅಂತ ತಮ್ಮನಿಗೆ ಆಗ ಖಚಿತವಾಗಿ ಗೊತ್ತಾಯಿತು.

"ಮೇಡಂ, ಹೊಳಪಿನಿಂದ ಕಾಣ್ತಿಲ್ಲ. ನನಗೆ ಹತ್ತು ನಿಮಿಷ ಕೊಡಿ, ತೋರಿಸ್ತೀನಿ."

ಕೆಳಮನೆಯವರು ಕ್ಯಾಮೆರಾ ತಂದುಕೊಟ್ಟರು. ಬಟ್ಟಲು ಪುಡಿಯಾಗಿತ್ತು, ಕಪ್ಪು ಹಾಳೆಯ ಎರಡು ತುಂಡು ಮಾತ್ರ ಕನ್ನಡಕದ ಡಬ್ಬಿಯಲ್ಲಿ ಉಳಿದಿದ್ದವು. ಅವನು ಠಾಣೆಯ ಮೇಜಿನ ಮೇಲಿದ್ದ, ಚಹಾ ಕುಡಿದಿಟ್ಟ ಕಾಗದದ ಲೋಟ ತೆಗೆದುಕೊಂಡು ಹಲ್ಲಿನಿಂದ ತಳ ಹರಿದ. ಬಿಳಿ ಹಾಳೆಯನ್ನು ಅದರ ಬಾಯಿಗೆ ಮಡಿಸಿ ಕಡತದ ರಬ್ಬರ್ ಬ್ಯಾಂಡು ಬಿಗಿದ. ಬಲಗೈ ಬೆರಳಿಗೆ ಪಟ್ಟಿ, ಎಡಗೈ ನಡುಕ. ಆದರೂ ಹದಿಮೂರನೆಯ ದೀಪ ಹತ್ತು ನಿಮಿಷದೊಳಗೆ ಸಿದ್ಧವಾಯಿತು. ಒಳಕೋಣೆಯಲ್ಲಿ ಮಹಿಳಾ ಪೇದೆಯೊಬ್ಬಳು ಲೋಟದ ದೀಪ ಹಿಡಿದಳು. ಅಕ್ಕ ಬೆನ್ನು ತಿರುಗಿಸಿ ಕೂತಳು. ಅವನು ಹಾಳೆ ಅಡ್ಡ ತಿರುಗಿಸಿ ಒತ್ತಿದ.

ಕ್ಯಾಮೆರಾದ ಪರದೆಯ ಮೇಲೆ ಒಂದು ಮೈ ಮೂಡಿತು. ಭುಜದಿಂದ ಸೊಂಟದವರೆಗೆ ಅಡ್ಡಡ್ಡ ಪಟ್ಟಿಗಳು, ಹೊಸದು ಕೆಂಪು, ಅದರಡಿ ಹಳೆಯದು ಕಂದು, ಅದಕ್ಕೂ ಕೆಳಗೆ ಹಳದಿ. ಪಕ್ಕೆಯಲ್ಲಿ ಚಪ್ಪಲಿಯ ಮುಂದಿನ ಅಂಚು. ತೋಳಿನಲ್ಲಿ ಎಲ್ಲೆಲ್ಲೂ ಬೆರಳು. ಅಧಿಕಾರಿ ಪರದೆಯನ್ನು ಹತ್ತಿರಕ್ಕೆ ಹಿಡಿದು ಒಂದೊಂದೇ ನೋಡಿ, ಹೊರಗೆ ಹೋಗಿ, ಸಭ್ಯವಾಗಿ ಕೂತಿದ್ದವನನ್ನು ಬೇರೆ ಕೋಣೆಯಲ್ಲಿ ಕೂರಿಸಿ ಅಂದಳು. ವಾಪಸು ಬಂದು ತಮ್ಮನನ್ನು ಕೇಳಿದಳು: ಇದು ಇವತ್ತಿನದು, ಈ ವಾರದ್ದು, ನಾಳೆ ಅವನ ವಕೀಲ ಮೆಟ್ಟಿಲಿನಿಂದ ಬಿದ್ದದ್ದು ಅಂತಾನೆ. ಮೊದಲಿನಿಂದ ಹೊಡೀತಿದ್ದ ಅನ್ನೋದಕ್ಕೆ ಏನಾದರೂ ಇದೆಯಾ?

ಇಲ್ಲ ಅಂದಿದ್ದರೆ ಅವನ ಮರ್ಯಾದೆ ಉಳಿಯುತ್ತಿತ್ತು. ಅಕ್ಕ ಎದುರಿಗೇ ಕೂತಿದ್ದಳು, ಸೆರಗು ಸರಿಮಾಡಿಕೊಳ್ಳುತ್ತ.

"ಇದೆ ಮೇಡಂ," ಅಂದ.

ಒಂದು ಸ್ಕ್ರೂವನ್ನೂ ಬಿಸಾಡದ ಜಾತಿಯವನು, ಪರೀಕ್ಷೆಯ ಫೋಟೋಗಳನ್ನು ಬಿಸಾಡಿರಲಿಲ್ಲ. ಮನೆಯಿಂದ ತಂದ ಡಬ್ಬಿಯ ಮೆಮೊರಿ ಕಾರ್ಡುಗಳಲ್ಲಿ ಮೂರು ವರ್ಷದ ಭಾನುವಾರಗಳು ದಿನಾಂಕದ ಸಮೇತ ಇದ್ದವು. ಠಾಣೆಯ ಕಂಪ್ಯೂಟರಿನಲ್ಲಿ ಒಂದೊಂದಾಗಿ ತೆರೆದ. ಬರಿಗೈ, ಕಪ್ಪು ಬಟ್ಟೆ, ಕಲೆ. ಬರಿಗೈ, ಕಪ್ಪು ಬಟ್ಟೆ, ಕಲೆ. ಅರವತ್ತೊಂದು ಕೈಗಳು. ಇವು ಇವರದೇ ಕೈ ಅಂತ ಹೇಗೆ ಹೇಳ್ತೀರಿ ಅಂತ ಅಧಿಕಾರಿ ಕೇಳಲು ಬಾಯಿ ತೆರೆದವಳು, ಚಿತ್ರದಲ್ಲಿದ್ದ ಕೊಕ್ಕೆಯ ಕಿರುಬೆರಳನ್ನೂ ಎದುರಿಗೆ ಮೇಜಿನ ಮೇಲಿದ್ದ ಕಿರುಬೆರಳನ್ನೂ ನೋಡಿ ಕೇಳದೆ ಬಿಟ್ಟಳು. ಕೊನೆಗೆ ಸೂರ್ಯನ ಕುದುರೆಯ ಎರಡು ಚಿತ್ರಗಳು ಅಕ್ಕಪಕ್ಕ ಬಂದವು, ಒಂದರಲ್ಲಿ ನಾಲ್ಕು ಪಟ್ಟಿ, ಇನ್ನೊಂದರಲ್ಲಿ ಚೊಕ್ಕ ಚರ್ಮ. ಅದರ ಕಲೆ ಏನಾಯಿತು ಅಂತ ಕೇಳಿದಳು.

"ನಾನೇ ಅಳಿಸಿದೆ. ನೋಡಿದ್ದೆ ಮೇಡಂ. ಎಲ್ಲಾನೂ ನೋಡಿದ್ದೆ. ಬೇರೆ ಕೈ ಕೊಡು ಅಂದೆ."

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದಳು. ಅಕ್ಕ ಕೇಳುವ ಕಿವಿಯನ್ನು ಈ ಕಡೆ ತಿರುಗಿಸಿಕೊಂಡು ಕೂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತುಂಬ ದಿನದಿಂದ ಎತ್ತಿಕೊಂಡಿದ್ದ ಭಾರವೊಂದನ್ನು ಇಳಿಸುವ ದನಿ.

"ನನಗೆ ಮರೆವಿರಲಿಲ್ಲ ಕಣೋ. ಪ್ರತೀ ಸಲ ಬೇಕಂತಲೇ ಆ ಕೈ ಮೊದಲು ಕೊಡ್ತಿದ್ದೆ. ಎರಡು ಸಲ ಬಾಯಲ್ಲಿ ಹೇಳಿದ್ದೆ, ನೀನು ವಾಪಸು ಬಿಟ್ಟು ಬಂದೆ. ಈ ಬೆಳಕಿನ ಮುಂದೆ ಯಾವುದನ್ನೂ ಮುಚ್ಚಿಡೋಕಾಗಲ್ಲ ಅಂದೆಯಲ್ಲ, ಇದರಲ್ಲಾದರೂ ಕಾಣತ್ತೆ ಅಂದ್ಕೊಂಡಿದ್ದೆ."

ಅವನು ಅತ್ತ. ಹುಬ್ಬಿನ ಹೊಲಿಗೆ ಬಿರಿಯುವ ಹಾಗೆ ಅತ್ತ. ಅಕ್ಕ ಎದ್ದು ಬಂದು ಸಮಾಧಾನ ಮಾಡಲಿಲ್ಲ. ಮಾಡಬೇಕಾದ ಕಾರಣವೂ ಇರಲಿಲ್ಲ. ಅವನ ಹೇಳಿಕೆ ನಾಲ್ಕು ಪುಟವಾಯಿತು. ಕಂಡದ್ದು, ಕಂಡ ದಿನ, ಅಳಿಸಿದ್ದು, ವಾಪಸು ಬಿಟ್ಟು ಬಂದದ್ದು, ಯಾವುದನ್ನೂ ಬಿಡದೆ ಹೇಳಿ ಎಡಗೈಯಲ್ಲಿ ರುಜು ಹಾಕಿದ. ಆ ಪುಟಗಳೂ ಆ ಅರವತ್ತೊಂದು ಕೈಗಳೂ ಸೇರಿ ಭಾವನನ್ನು ಒಳಗೆ ಹಾಕಿದವು. ವಕೀಲ ಮೆಟ್ಟಿಲಿನ ಕತೆ ಹೇಳಿದನಂತೆ. ಅರವತ್ತೊಂದು ಸಲ ಒಂದೇ ಮೆಟ್ಟಿಲಿನಲ್ಲಿ ಬಿದ್ದರಾ ಅಂತ ನ್ಯಾಯಾಧೀಶರು ಕೇಳಿದ ಮೇಲೆ ಆ ಕತೆ ಅಲ್ಲಿಗೇ ನಿಂತಿತು. ಭಾವ ಇನ್ನೂ ಹೊರಗೆ ಬಂದಿಲ್ಲ. ಅಕ್ಕನ ಬಲಗಿವಿ ವಾಪಸು ಬರಲಿಲ್ಲ.

ತನ್ನ ಮನೆಗೆ ಬಂದುಬಿಡು ಅಂತ ತಮ್ಮ ಕರೆದ. ಅವಳು ಒಪ್ಪಲಿಲ್ಲ. ಹೊಲಿಗೆ ಕೆಲಸ ಸಿಕ್ಕಿದ ಕಡೆಯೇ ಒಂದು ಕೋಣೆ ಹಿಡಿದಳು. ಆ ಕೋಣೆಯ ಬಾಗಿಲಿಗೆ ಒಳಗಿನಿಂದ ತಾನೇ ಚಿಲಕ ಹಾಕಿಕೊಳ್ಳುವುದರಲ್ಲಿ ಇರುವ ಸುಖ ಬೇರೆ ಎಲ್ಲೂ ಇಲ್ಲ ಅಂತ ಕೆಳಮನೆಯವರ ಹತ್ತಿರ ಹೇಳಿದಳಂತೆ. ಭಾನುವಾರ ಮಹಡಿಗೆ ಬರುವುದನ್ನು ನಿಲ್ಲಿಸಿದಳು. ತಮ್ಮನಲ್ಲಿ ಅವಳು ಕೇಳಿದ್ದು ಒಂದೇ. ಅಂಗಡಿಯ ಗೋಡೆಯ ಮೇಲಿನ ಚಿತ್ರ ಬದಲಾಯಿಸಬೇಕು, ಅಳಿಸಿದ್ದನ್ನು ಇಳಿಸಿ ಅಳಿಸದಿರುವುದನ್ನು ಹಾಕಬೇಕು, ಯಾರಾದರೂ ಕೇಳಿದರೆ ಸುಳ್ಳು ಹೇಳಬಾರದು.

ಯಜಮಾನರು ಬೇಡವೆಂದರು. ಗಿರಾಕಿಗಳು ಹೆದರುತ್ತಾರೆ ಅಂದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಹಿಂದಿನ ಕೋಣೆಯಿಂದ ಗಟ್ಟಿ ದನಿ ಬಂತು, ಹಾಗಾದರೆ ಗಾಜು ಉಜ್ಜಲು ಬೇರೆಯವರನ್ನು ನೋಡಿಕೊಳ್ಳಿ ಅಂತ. ಚಿತ್ರ ಗೋಡೆಗೇರಿತು.

ಈಗ ಗಿರಾಕಿಗಳು ಕಾಯುತ್ತ ಕೂತಾಗ ಅದನ್ನು ನೋಡುತ್ತಾರೆ. ಮೊದಲು ಸೂರ್ಯನ ಕುದುರೆಯನ್ನು, ಅದರ ಗರಗಸದ ಕಾಲನ್ನು, ಕತ್ತು ತಿರುಗಿಸಿದ ಠೀವಿಯನ್ನು. ಆಮೇಲೆ ಹೊಸ ಕನ್ನಡಕ ಹಾಕಿಕೊಂಡವರು ಯಾರಾದರೊಬ್ಬರು ಹತ್ತಿರ ಹೋಗಿ, ಇದೇನು ಕೈಮೇಲೆ ನಾಲ್ಕು ಗೆರೆ ಅಂತ ಕೇಳುತ್ತಾರೆ. ಉಜ್ಜುವ ಕಲ್ಲಿನ ಸದ್ದು ನಿಲ್ಲುತ್ತದೆ. ಮುಖ ತೋರಿಸಲು ಹೆದರುತ್ತಿದ್ದವನು ಪರದೆ ಸರಿಸಿ ಹೊರಗೆ ಬಂದು, ಸೊಟ್ಟಗೆ ಕೂಡಿಕೊಂಡ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡು, ಕೇಳಿದವರ ಕಣ್ಣನ್ನೇ ನೋಡಿ ಹೇಳುತ್ತಾನೆ.

"ಅದು ನಮ್ಮಕ್ಕನ ಕೈ. ಗಂಡ ಹಿಡಿದ ಗುರುತು. ಮೂರು ವರ್ಷ ನೋಡಿದ್ದೆ, ಆ ಕೈ ಬೇಡ ಅಂದಿದ್ದೆ."

ಕೇಳಿದವರು ಕನ್ನಡಕ ತೆಗೆದು ಒರೆಸುತ್ತಾರೆ. ಅವನು ಒಳಗೆ ಹೋಗಿ ಕಲ್ಲು ಚಾಲೂ ಮಾಡುತ್ತಾನೆ.